ಪಿಎಚ್‌ಡಿ ಇಲ್ಲದ ಪ್ರಾಧ್ಯಾಪಕ: ಢಾಕಾ ವಿಶ್ವವಿದ್ಯಾಲಯದ ಒಂದು ನೇಮಕಾತಿ

ಢಾಕಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಹುದ್ದೆಗೆ 1926ರಲ್ಲಿ ಅರ್ಜಿ ಹಾಕಿದವರಲ್ಲಿ ಅದೇ ವಿಭಾಗದಲ್ಲಿ ರೀಡರ್ (ಪ್ರಾಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ) ಆಗಿದ್ದ ಸತ್ಯೇಂದ್ರನಾಥ ಬೋಸ್ ಒಬ್ಬರು. ಆಗ ಅವರಿಗೆ 32 ವರ್ಷ. ಎಂ.ಎಸ್ಸಿ.ಯಲ್ಲಿ ಪ್ರಥಮ ಸ್ಥಾನ ಪಡೆದಿದ್ದರು, ಡಾಕ್ಟರೇಟ್ ಇರಲಿಲ್ಲ. ಪ್ರಕಟಿತ ಪ್ರಬಂಧಗಳು ಏಳರ ಆಸುಪಾಸಿನಲ್ಲಿದ್ದವು. ವಿಶ್ವವಿದ್ಯಾಲಯ ಕೊಟ್ಟ ಅಧ್ಯಯನ ರಜೆಯ ಮೇಲೆ ಎರಡು ವರ್ಷ ಯುರೋಪಿನಲ್ಲಿದ್ದು ಆಗಷ್ಟೇ ಮರಳಿದ್ದರು. ಆ ಎರಡು ವರ್ಷಗಳ ಲೆಕ್ಕ ಕೇಳಿದರೆ ತೋರಿಸಲು ಅಚ್ಚಾದ ಹೊಸ ಪ್ರಬಂಧ ಒಂದೂ ಇರಲಿಲ್ಲ.

ಹೆಸರು ಮುಚ್ಚಿ ಈ ವಿವರಗಳನ್ನಷ್ಟೇ ಮುಂದಿಟ್ಟರೆ ಇಂದಿನ ಯಾವ ಆಯ್ಕೆ ಸಮಿತಿಯೂ ಕಡತವನ್ನು ಎರಡನೆಯ ಸಲ ತೆರೆಯುವುದಿಲ್ಲ. ಅಂದಿನ ಢಾಕಾ ಕೂಡ ಅವರನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಹುದ್ದೆ ಸಿಕ್ಕಿತು, 1927ರಲ್ಲಿ ಬೋಸ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಐನ್‌ಸ್ಟೈನ್ ಶಿಫಾರಸು ಮಾಡಿದರು, ಬೋಸ್ ಗೆದ್ದರು ಎಂದು ಈ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಹಾಗೆ ಹೇಳಿದಾಗ ಒಬ್ಬ ಅಧ್ಯಾಪಕನ ವೃತ್ತಿಜೀವನ ನಿಜವಾಗಿ ಯಾವುದರ ಮೇಲೆ ನಿಂತಿತ್ತು ಎಂಬುದು ಕಾಣದೆ ಹೋಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ಢಾಕಾ ಕೈಗೊಂಡ ಅತ್ಯುತ್ತಮ ನಿರ್ಧಾರ 1927ರ ನೇಮಕಾತಿ ಅಲ್ಲ. ಅದಕ್ಕೂ ಮೊದಲು, 1924ರಲ್ಲಿ, ಒಬ್ಬ ರೀಡರ್‌ಗೆ ಎರಡು ವರ್ಷದ ರಜೆ ಮಂಜೂರು ಮಾಡಿದ್ದು.

ಪುಸ್ತಕಗಳಿಲ್ಲದ ವಿಭಾಗ

ಬೋಸ್ ಹುಟ್ಟಿದ್ದು 1894ರ ಜನವರಿ 1ರಂದು, ಕಲ್ಕತ್ತೆಯಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರ ವಿದ್ಯಾರ್ಥಿ. 1915ರ ಎಂ.ಎಸ್ಸಿ. ಪರೀಕ್ಷೆಯಲ್ಲಿ ಅವರು ಮೊದಲಿಗರು, ಸಹಪಾಠಿ ಮೇಘನಾದ ಸಾಹಾ ಎರಡನೆಯವರು. ಇಬ್ಬರ ಪದವಿಯೂ ಗಣಿತದಲ್ಲಿ, ಭೌತಶಾಸ್ತ್ರದಲ್ಲಿ ಅಲ್ಲ.

ಕಲ್ಕತ್ತ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜನ್ನು ಕಟ್ಟುತ್ತಿದ್ದ ಆಶುತೋಷ ಮುಖರ್ಜಿ ಈ ಇಬ್ಬರು ಹುಡುಗರನ್ನು ಕರೆದು ಹೊಸ ಭೌತಶಾಸ್ತ್ರವನ್ನು ಓದಿಕೊಳ್ಳಿ, ಆಮೇಲೆ ಕಲಿಸಿ ಎಂದರು. ಸಾಹಾ ಅವರ ಪಾಲಿಗೆ ಕ್ವಾಂಟಂ ಸಿದ್ಧಾಂತ, ಬೋಸ್ ಅವರ ಪಾಲಿಗೆ ಸಾಪೇಕ್ಷತೆ ಬಂತು. ಆದರೆ ಓದುವುದಾದರೂ ಏನನ್ನು? ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಜರ್ಮನಿಯಿಂದ ಪುಸ್ತಕವಾಗಲಿ ಪತ್ರಿಕೆಯಾಗಲಿ ಬರುತ್ತಿರಲಿಲ್ಲ. ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬ್ರೂಲ್ ಎಂಬವರ ಬಳಿ ಪ್ಲಾಂಕ್, ಬೋಲ್ಟ್ಸ್‌ಮನ್ ಮೊದಲಾದವರ ಜರ್ಮನ್ ಗ್ರಂಥಗಳಿದ್ದವು. ಅವನ್ನು ಎರವಲು ತಂದು, ಜರ್ಮನ್ ಭಾಷೆಯನ್ನು ಜೊತೆಜೊತೆಗೇ ಕಲಿಯುತ್ತ ಇಬ್ಬರೂ ಓದಿದರು. ಸಾಪೇಕ್ಷತೆಯ ಕುರಿತ ಐನ್‌ಸ್ಟೈನ್ ಪ್ರಬಂಧಗಳ ಇಂಗ್ಲಿಷ್ ಅನುವಾದ ಇಬ್ಬರ ಹೆಸರಿನಲ್ಲಿ, ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಹೆಸರಾದ ಮಹಾಲನೋಬಿಸ್ ಅವರ ಪ್ರಸ್ತಾವನೆಯೊಂದಿಗೆ, 1920ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದಲೇ ಪ್ರಕಟವಾಯಿತು. ಆ ಅನುವಾದಕ್ಕೆ ಐನ್‌ಸ್ಟೈನ್ ಅನುಮತಿ ಕೊಟ್ಟಿದ್ದರು. ಈ ಸಣ್ಣ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ.

ಈ ಹಿನ್ನೆಲೆಯಲ್ಲಿ ಡಾಕ್ಟರೇಟ್ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳ. ಬೋಸ್ ಅವರಿಗೆ ಮಾರ್ಗದರ್ಶಕರಾಗಬಲ್ಲವರು ಊರಿನಲ್ಲಿ ಇರಲಿಲ್ಲ. ಸಾಹಾ ಹೇಗೋ ತಮ್ಮ ಕೆಲಸಗಳನ್ನು ಒಟ್ಟುಗೂಡಿಸಿ ಕಲ್ಕತ್ತೆಯಲ್ಲೇ ಡಿ.ಎಸ್ಸಿ. ಪಡೆದರು. ಬೋಸ್ ಆ ಗೋಜಿಗೆ ಹೋಗಲಿಲ್ಲ. ಪದವಿಗಾಗಿ ಕೂತು ಬರೆಯುವುದು ಅವರ ಜಾಯಮಾನವೇ ಆಗಿರಲಿಲ್ಲ ಎಂಬುದು ಮುಂದಿನ ಐವತ್ತು ವರ್ಷಗಳನ್ನು ನೋಡಿದರೆ ತಿಳಿಯುತ್ತದೆ.

1921ರಲ್ಲಿ ಢಾಕಾ ವಿಶ್ವವಿದ್ಯಾಲಯ ಶುರುವಾಯಿತು. ಫಿಲಿಪ್ ಹಾರ್ಟಾಗ್ ಮೊದಲ ಉಪಕುಲಪತಿ. ಹೊಸ ಸಂಸ್ಥೆ ಹೊಸಬರನ್ನು ಹುಡುಕುತ್ತಿತ್ತು. ಬೋಸ್ ರೀಡರ್ ಆಗಿ ಅಲ್ಲಿಗೆ ಹೋದರು. ವಿಭಾಗ ಇದ್ದದ್ದು ಕರ್ಜನ್ ಹಾಲ್‌ನ ಕೆಂಪು ಕಟ್ಟಡದಲ್ಲಿ.

ಪಾಠದಲ್ಲಿ ಸಿಕ್ಕಿಕೊಂಡ ಒಂದು ಕೊಂಡಿ

ಢಾಕಾದಲ್ಲಿ ಬೋಸ್ ಎಂ.ಎಸ್ಸಿ. ತರಗತಿಗೆ ಕಲಿಸಬೇಕಿದ್ದ ವಿಷಯಗಳಲ್ಲಿ ಪ್ಲಾಂಕ್ ನಿಯಮವೂ ಒಂದು. ಕಾದ ಕುಲುಮೆಯೊಳಗೆ ತುಂಬಿಕೊಂಡ ವಿಕಿರಣದಲ್ಲಿ ಯಾವ ಆವೃತ್ತಿಗೆ ಎಷ್ಟು ಶಕ್ತಿ ಹಂಚಿಕೆಯಾಗಿರುತ್ತದೆ ಎಂಬುದನ್ನು ಹೇಳುವ ಸೂತ್ರವದು. ಪ್ಲಾಂಕ್ ಅದನ್ನು ಕಂಡುಕೊಂಡದ್ದು 1900ರಲ್ಲಿ. ಸೂತ್ರ ಸರಿಯಾಗಿದೆ, ಪ್ರಯೋಗಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ತೊಂದರೆ ಇದ್ದದ್ದು ಅದನ್ನು ಸಾಧಿಸುವ ದಾರಿಯಲ್ಲಿ.

ಸೂತ್ರಕ್ಕೆ ಎರಡು ಭಾಗಗಳಿವೆ. ಕುಲುಮೆಯೊಳಗೆ ಎಷ್ಟು ಬಗೆಯ ಕಂಪನಗಳಿಗೆ ಅವಕಾಶವಿದೆ ಎಂಬ ಎಣಿಕೆ ಒಂದು. ಪ್ರತಿ ಕಂಪನದ ಪಾಲಿಗೆ ಬರುವ ಸರಾಸರಿ ಶಕ್ತಿ ಇನ್ನೊಂದು. ಎರಡನೆಯ ಭಾಗಕ್ಕೆ ಶಕ್ತಿ ಬಿಡಿಬಿಡಿ ಕಟ್ಟುಗಳಾಗಿ ಬರುತ್ತದೆ ಎಂಬ ಹೊಸ ಕಲ್ಪನೆ ಬೇಕು. ಮೊದಲ ಭಾಗವನ್ನು ಮಾತ್ರ ಎಲ್ಲರೂ ಹಳೆಯ ವಿದ್ಯುತ್ಕಾಂತ ಸಿದ್ಧಾಂತದಿಂದ, ಅಂದರೆ ಬೆಳಕು ನಿರಂತರವಾದ ಅಲೆ ಎಂಬ ಕಲ್ಪನೆಯಿಂದ, ಎತ್ತಿ ತರುತ್ತಿದ್ದರು. ಬೆಳಕು ಅಲೆಯಲ್ಲ ಎಂದು ಸಾರುವ ಸೂತ್ರವನ್ನು ಬೆಳಕು ಅಲೆ ಎಂದು ಒಪ್ಪಿಕೊಂಡು ಸಾಧಿಸಿದ ಹಾಗಾಯಿತು. ಪರೀಕ್ಷೆಗೆ ಓದುವ ವಿದ್ಯಾರ್ಥಿ ಇದನ್ನು ಗಮನಿಸದೆ ಮುಂದೆ ಹೋಗಬಹುದು. ಹಲಗೆಯ ಮುಂದೆ ನಿಂತು ಸಾಲಿನಿಂದ ಸಾಲಿಗೆ ಹೋಗಬೇಕಾದ ಅಧ್ಯಾಪಕನಿಗೆ ಅಷ್ಟು ಸುಲಭವಿಲ್ಲ. ಈ ಹೆಜ್ಜೆ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರ ಬೇಕು. 1924ರ ಆರಂಭದಲ್ಲಿ ಢಾಕಾಕ್ಕೆ ಬಂದು ಬೋಸ್ ಮನೆಯಲ್ಲಿ ಉಳಿದುಕೊಂಡ ಸಾಹಾ, ಪೌಲಿ ಮತ್ತು ಐನ್‌ಸ್ಟೈನ್–ಎರೆನ್‌ಫೆಸ್ಟ್ ಆಗಷ್ಟೇ ಬರೆದಿದ್ದ ಪ್ರಬಂಧಗಳತ್ತ ಗೆಳೆಯನ ಗಮನ ಸೆಳೆದರು. ತಕರಾರು ಮತ್ತಷ್ಟು ಮೊನಚಾಯಿತು.

ಬೋಸ್ ಕಂಡುಕೊಂಡ ದಾರಿ ಹೀಗಿತ್ತು. ಅಲೆಗಳನ್ನು ಪೂರ್ತಿ ಕೈಬಿಡುವುದು. ಬೆಳಕನ್ನು ಕಣಗಳ ಅನಿಲ ಎಂದೇ ಎಣಿಸುವುದು. ಒಂದು ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ಗುರುತಿಸುವ ಆರು ಆಯಾಮಗಳ ಪ್ರದೇಶವನ್ನು ಪ್ಲಾಂಕ್ ಸ್ಥಿರಾಂಕದ ಘನದಷ್ಟು ಗಾತ್ರದ ಕೋಶಗಳಾಗಿ ಭಾಗಿಸುವುದು. ಆಗ ಒಂದು ಆವೃತ್ತಿಯ ಕಣಗಳಿಗೆ ಎಷ್ಟು ಕೋಶಗಳು ಲಭ್ಯ ಎಂದು ಎಣಿಸಿ, ಬೆಳಕಿನ ಎರಡು ಧ್ರುವೀಕರಣಗಳಿಗಾಗಿ ಎರಡರಿಂದ ಗುಣಿಸಿದರೆ, ಹಳಬರು ಅಲೆಗಳಿಂದ ತಂದಿದ್ದ ಅದೇ ಸಂಖ್ಯೆ ತಾನಾಗಿ ಬರುತ್ತದೆ. ಉಳಿದದ್ದು ಹಂಚಿಕೆ. ಇಲ್ಲಿ ಬೋಸ್ ಯಾವ ಕಣ ಯಾವ ಕೋಶದಲ್ಲಿದೆ ಎಂದು ಕೇಳಲಿಲ್ಲ. ಖಾಲಿ ಕೋಶಗಳೆಷ್ಟು, ಒಂದೇ ಕಣವಿರುವ ಕೋಶಗಳೆಷ್ಟು, ಎರಡಿರುವವು ಎಷ್ಟು ಎಂದಷ್ಟೇ ಕೇಳಿದರು.

ಈ ಪ್ರಶ್ನೆಯ ಬದಲಾವಣೆ ಎಷ್ಟು ದೊಡ್ಡದು ಎಂಬುದಕ್ಕೆ ಎರಡು ಕಣ, ಎರಡು ಕೋಶ ಸಾಕು. ಕಣಗಳಿಗೆ ಗುರುತು ಇದೆ ಎಂದುಕೊಂಡರೆ ನಾಲ್ಕು ಹಂಚಿಕೆಗಳು: ಎರಡೂ ಎಡಕ್ಕೆ, ಎರಡೂ ಬಲಕ್ಕೆ, ಮೊದಲನೆಯದು ಎಡಕ್ಕೆ ಎರಡನೆಯದು ಬಲಕ್ಕೆ, ಅದರ ತಿರುವುಮುರುವು. ಎರಡೂ ಒಂದೇ ಕಡೆ ಇರುವ ಸಾಧ್ಯತೆ ನಾಲ್ಕರಲ್ಲಿ ಎರಡು, ಅಂದರೆ ಅರ್ಧ. ಬೋಸ್ ಎಣಿಕೆಯಲ್ಲಿ ಕೊನೆಯ ಎರಡು ಹಂಚಿಕೆಗಳು ಒಂದೇ. ಇರುವುದು ಮೂರು ಹಂಚಿಕೆಗಳು. ಎರಡೂ ಒಂದೇ ಕಡೆ ಇರುವ ಸಾಧ್ಯತೆ ಮೂರರಲ್ಲಿ ಎರಡು. ಕಣಗಳು ಗುಂಪುಗೂಡುವ ಒಲವು ಯಾವ ಬಲದಿಂದಲೂ ಬಂದದ್ದಲ್ಲ, ಎಣಿಕೆಯ ಕ್ರಮದಿಂದಲೇ ಹೊಮ್ಮಿದ್ದು. ಲೇಸರ್‌ನಿಂದ ಹಿಡಿದು 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ರುಬಿಡಿಯಂ ಪರಮಾಣುಗಳನ್ನು ಕಡು ಶೈತ್ಯಕ್ಕೆ ಇಳಿಸಿ ಪಡೆದ, ಪರಮಾಣುಗಳು ಒಟ್ಟಾಗಿ ಒಂದೇ ಸ್ಥಿತಿಗೆ ಇಳಿಯುವ ಬೋಸ್–ಐನ್‌ಸ್ಟೈನ್ ಸಾಂದ್ರೀಕರಣದವರೆಗೆ ಈ ಒಲವಿನ ಫಲಗಳು ಹರಡಿವೆ.

ತರಗತಿಯಲ್ಲಿ ಬೋಸ್ ಲೆಕ್ಕ ತಪ್ಪಿದರು, ತಪ್ಪಿನಿಂದ ಸರಿಯುತ್ತರ ಬಂತು, ಹೀಗೆ ಆವಿಷ್ಕಾರವಾಯಿತು ಎಂಬ ಜನಪ್ರಿಯ ಕಥೆಯೊಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರಬಂಧದ ಆರಂಭದಲ್ಲೇ ಹಿಂದಿನ ಸಾಧನೆಗಳಲ್ಲಿ ತರ್ಕದ ದೋಷವಿದೆ ಎಂದು ಸ್ಪಷ್ಟವಾಗಿ ಗುರುತಿಸಿ ಹೊರಟವನು ಎಡವಿ ಬಿದ್ದವನಲ್ಲ. ತಾನು ಮಾಡಿದ್ದು ಎಷ್ಟು ಹೊಸದು ಎಂಬುದು ಆಗ ತನಗೇ ತಿಳಿದಿರಲಿಲ್ಲ ಎಂದು ಬೋಸ್ ಮುಂದೆ ಹೇಳಿದ್ದುಂಟು. ಅದು ಬೇರೆ ಮಾತು. ಪಾಠವನ್ನು ಸರಿಪಡಿಸಲು ಹೊರಟವನಿಗೆ ಪಾಠ ಸರಿಹೋದದ್ದೇ ಮುಖ್ಯವಾಗಿ ಕಂಡಿರಬೇಕು.

ಪತ್ರ, ಅಂಚೆ ಕಾರ್ಡು, ರಜೆ

1924ರ ಜೂನ್ 4ರಂದು ಬೋಸ್ ಪ್ರಬಂಧವನ್ನು ಐನ್‌ಸ್ಟೈನ್ ಅವರಿಗೆ ಕಳುಹಿಸಿದರು. ಜೊತೆಗಿದ್ದ ಪತ್ರ ಚಿಕ್ಕದು, ವಿನಯವಿದೆ, ಅಂಜಿಕೆಯಿಲ್ಲ. ಪ್ರಕಟಣೆಗೆ ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚಾಗುವಂತೆ ಮಾಡಿ, ಅನುವಾದಿಸುವಷ್ಟು ಜರ್ಮನ್ ನನಗೆ ಬರುವುದಿಲ್ಲ ಎಂದು ಕೇಳಿಕೊಂಡಿದ್ದರು. ನಿಮ್ಮ ಸಾಪೇಕ್ಷತೆಯ ಪ್ರಬಂಧವನ್ನು ಇಂಗ್ಲಿಷಿಗೆ ತಂದವನು ನಾನೇ ಎಂದು ಕೊನೆಯಲ್ಲಿ ನೆನಪಿಸಿದ್ದರು. ಪರಿಚಯವೇ ಇಲ್ಲದ ಹಿರಿಯರಿಗೆ ಬರೆಯುವಾಗ ಹಿಡಿಯಲು ಒಂದು ಎಳೆ ಬೇಕಲ್ಲ, ಅದು ಸಿಕ್ಕಿತ್ತು.

ಐನ್‌ಸ್ಟೈನ್ ಸ್ವತಃ ಜರ್ಮನ್‌ಗೆ ಅನುವಾದಿಸಿ ತ್ಸೈಟ್‌ಶ್ರಿಫ್ಟ್ ಫ್ಯೂರ್ ಫಿಸಿಕ್ ಪತ್ರಿಕೆಗೆ ಕೊಟ್ಟರು. ಇದು ಮಹತ್ವದ ಮುನ್ನಡೆ, ಇದೇ ವಿಧಾನದಿಂದ ಆದರ್ಶ ಅನಿಲದ ಕ್ವಾಂಟಂ ಸಿದ್ಧಾಂತವೂ ದೊರೆಯುತ್ತದೆ ಎಂಬ ಟಿಪ್ಪಣಿಯನ್ನೂ ಸೇರಿಸಿದರು. ಜುಲೈ 10ರಂದು ಪ್ರಷ್ಯನ್ ಅಕಾಡೆಮಿಯಲ್ಲಿ ಆ ಅನಿಲದ ಕುರಿತು ತಮ್ಮದೇ ಪ್ರಬಂಧ ಮಂಡಿಸಿದರು. ಬೋಸ್‌ಗೆ ಬರೆದದ್ದು ಜುಲೈ 2ರ ದಿನಾಂಕದ ಒಂದು ಅಂಚೆ ಕಾರ್ಡು.

ಇತ್ತ ಢಾಕಾದಲ್ಲಿ ಬೋಸ್ ಅವರ ಅಧ್ಯಯನ ರಜೆಯ ಅರ್ಜಿ ಕೂತಲ್ಲೇ ಕೂತಿತ್ತು. ಕಾರ್ಡು ಬಂದ ಮೇಲೆ ಕಡತ ಚಲಿಸಿತು. ಎರಡು ವರ್ಷದ ರಜೆ, ಅಲ್ಲಿನ ಖರ್ಚಿಗೆ ವೇತನ, ಊರಲ್ಲಿ ಉಳಿಯುವ ಕುಟುಂಬಕ್ಕೆ ಪ್ರತ್ಯೇಕ ಭತ್ಯೆ. ಆ ಭತ್ಯೆ ಇಲ್ಲದಿದ್ದರೆ ಹೋಗುವುದೇ ಸಾಧ್ಯವಿರಲಿಲ್ಲ ಎಂದು ಬೋಸ್ ಮುಂದೆ ಹೇಳಿದ್ದರು. ಅದೇ ಕಾರ್ಡನ್ನು ತೋರಿಸಿದಾಗ ಜರ್ಮನ್ ಕಾನ್ಸುಲೇಟ್ ಶುಲ್ಕವನ್ನೂ ಕೇಳದೆ ವೀಸಾ ಕೊಟ್ಟಿತಂತೆ.

ಪ್ರಸಿದ್ಧರ ಒಂದು ಸಾಲಿಗಾಗಿ ಕಾದು ಕೂತ ವಿಶ್ವವಿದ್ಯಾಲಯವನ್ನು ಹೊಗಳುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಂಜೂರಾತಿಯ ಕಾರಣ ದುರ್ಬಲವೇ. ಆದರೆ ಮಂಜೂರಾತಿಯ ಷರತ್ತುಗಳನ್ನು ನೋಡಿ. ಮೂರು ವರ್ಷದ ಹಿಂದೆ ಹುಟ್ಟಿದ ಸಂಸ್ಥೆಯೊಂದು ತನ್ನ ರೀಡರ್‌ನನ್ನು ಎರಡು ವರ್ಷ ಬಿಟ್ಟುಕೊಟ್ಟಿತು. ಮನೆಯವರ ಊಟದ ಚಿಂತೆಯನ್ನೂ ತಾನೇ ಹೊತ್ತಿತು. ಪದವಿ ಹಿಡಿದುಕೊಂಡೇ ಬರಬೇಕು ಎಂಬ ಒತ್ತಾಯವಿಲ್ಲದೆ ಕಳುಹಿಸಿತು. ಇಂದು ಒಂದು ವಾರದ ಸಮ್ಮೇಳನಕ್ಕೆ ರಜೆ ಕೇಳಿದರೂ ಬದಲಿ ಪಾಠದ ವ್ಯವಸ್ಥೆಯಿಂದ ಹಿಡಿದು ವರದಿಯ ನಮೂನೆಯವರೆಗೆ ಹತ್ತು ಕಾಗದ ಕೇಳುವ ಕಚೇರಿಗಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ತೋರಿಸಲು ಏನೂ ಇಲ್ಲದ ಎರಡು ವರ್ಷ

ಬೋಸ್ 1924ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ತಲುಪಿದರು. ಕೆಲವು ದಿನ ಇದ್ದು ಬರ್ಲಿನ್‌ಗೆ ಹೋಗುವ ಯೋಚನೆಯಿತ್ತು. ಉಳಿದದ್ದು ಸುಮಾರು ಒಂದು ವರ್ಷ. ಫ್ರೆಂಚ್ ಭೌತವಿಜ್ಞಾನಿ ಲಾಂಜೆವಾಂ ಅವರ ಪರಿಚಯವಾಯಿತು. ಮಾರಿ ಕ್ಯೂರಿ ಅವರನ್ನು ಕಂಡಾಗ ಆಕೆ ಪ್ರಯೋಗಾಲಯಕ್ಕೆ ಸೇರುವ ಮೊದಲು ಕೆಲವು ತಿಂಗಳು ಫ್ರೆಂಚ್ ಕಲಿಯಿರಿ ಎಂದು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಬುದ್ಧಿ ಹೇಳಿದರು. ಬೋಸ್‌ಗೆ ಫ್ರೆಂಚ್ ಸಾಕಷ್ಟು ಬರುತ್ತಿತ್ತು, ಅದನ್ನು ಹೇಳಲು ಮಾತ್ರ ಸಂಕೋಚ ಬಿಡಲಿಲ್ಲ. ಮೊರೀಸ್ ದ ಬ್ರಾಯ್ ಅವರ ಪ್ರಯೋಗಾಲಯದಲ್ಲಿ ಎಕ್ಸ್-ಕಿರಣ ತಂತ್ರಗಳನ್ನು ಕಲಿತರು. ಸೈದ್ಧಾಂತಿಕ ಕೆಲಸದಿಂದ ಹೆಸರಾದವನು ಪ್ರಯೋಗದ ಮೇಜಿಗೆ ಹೋಗಿ ಕೂತದ್ದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಢಾಕಾಕ್ಕೆ ಮರಳಿ ವಿಭಾಗ ಕಟ್ಟಬೇಕಾದವನಿಗೆ ಅದು ವಿಚಿತ್ರವಲ್ಲ.

1925ರ ಅಕ್ಟೋಬರ್‌ನಲ್ಲಿ ಬರ್ಲಿನ್. ಐನ್‌ಸ್ಟೈನ್ ಊರಲ್ಲಿರಲಿಲ್ಲ, ಕೆಲವು ವಾರ ಕಾಯಬೇಕಾಯಿತು. ಭೇಟಿಯಾದ ಮೇಲೆ ಗ್ರಂಥಾಲಯದಿಂದ ಪುಸ್ತಕ ಪಡೆಯಲು ಪರಿಚಯ ಪತ್ರ ಸಿಕ್ಕಿತು, ಕೈಗೆತ್ತಿಕೊಳ್ಳಲು ಸಮಸ್ಯೆಗಳ ಸೂಚನೆಯೂ ಸಿಕ್ಕಿತು. ಅದೇ ಬೇಸಿಗೆಯಲ್ಲಿ ಹೈಸೆನ್‌ಬರ್ಗ್ ಹೊಸ ಕ್ವಾಂಟಂ ಯಂತ್ರಶಾಸ್ತ್ರದ ಮೊದಲ ಪ್ರಬಂಧ ಬರೆದಿದ್ದರು. ತಮ್ಮ ಎಣಿಕೆ ಆ ಸಿದ್ಧಾಂತದಲ್ಲಿ ಯಾವ ರೂಪ ತಾಳುತ್ತದೆ ಎಂಬುದು ಬೋಸ್ ಎದುರಿಗಿದ್ದ ಪ್ರಶ್ನೆ. ಅವರು ಉತ್ತರ ಬರೆಯಲಿಲ್ಲ. ಡಿರಾಕ್ ಮತ್ತು ಇತರರು ಬರೆದರು.

ಏಕೆ ಬರೆಯಲಿಲ್ಲ? ಎರಡನೆಯ ಪ್ರಬಂಧದ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಮೊದಲ ಪ್ರಬಂಧದ ಬೆನ್ನಿಗೇ ಬೋಸ್ ಇನ್ನೊಂದನ್ನು ಕಳುಹಿಸಿದ್ದರು. ಐನ್‌ಸ್ಟೈನ್ ಅದನ್ನೂ ಅನುವಾದಿಸಿ ಪ್ರಕಟಿಸಿದರು, ಕೆಳಗೆ ಅದರ ಮುಖ್ಯ ವಾದ ತಮಗೆ ಒಪ್ಪಿಗೆಯಿಲ್ಲವೆಂಬ ಟಿಪ್ಪಣಿಯನ್ನೂ ಹಾಕಿದರು. ತನ್ನನ್ನು ಲೋಕಕ್ಕೆ ಪರಿಚಯಿಸಿದವರೇ ಅದೇ ಪುಟದಲ್ಲಿ ತಿದ್ದಿದ್ದು. ಉತ್ತರವಾಗಿ ಸಿದ್ಧಪಡಿಸಿದ ಮೂರನೆಯ ಪ್ರಬಂಧ ಅಚ್ಚಾಗಲೇ ಇಲ್ಲ. ಇದರಿಂದ ಬೋಸ್ ಕುಗ್ಗಿದರು ಎಂದು ಕೆಲವರು ಬರೆಯುತ್ತಾರೆ. ಇರಬಹುದು, ಆದರೆ ಅವರ ನಡವಳಿಕೆಯಲ್ಲಿ ಕಹಿ ಕಾಣುವುದಿಲ್ಲ, ಕೊನೆಯವರೆಗೂ ಐನ್‌ಸ್ಟೈನ್ ಅವರ ಪಾಲಿಗೆ ಗುರುವೇ. ಗುರುಭಕ್ತಿ ಹೆಚ್ಚಾದದ್ದೇ ತೊಡಕಾಯಿತೋ ಏನೋ ಎಂಬುದು ನನ್ನ ಅನುಮಾನ. ಬರ್ಲಿನ್‌ಗೆ ಹೋಗಿ ಐನ್‌ಸ್ಟೈನ್ ಅವರ ಮಾತಿಗಾಗಿ ಕಾಯುವ ಬದಲು, ಹೊಸ ಕ್ವಾಂಟಂ ಯಂತ್ರಶಾಸ್ತ್ರ ಹುಟ್ಟುತ್ತಿದ್ದ ಗಟಿಂಗೆನ್‌ಗೆ ಹೋಗಿ ತನ್ನದೇ ವಯಸ್ಸಿನವರ ಜೊತೆ ಜಗಳವಾಡಿದ್ದರೆ ಮುಂದಿನದು ಬೇರೆಯಾಗುತ್ತಿತ್ತು.

ಆಯ್ಕೆ

ಮರಳಿ ಬಂದಾಗ ಪ್ರಾಧ್ಯಾಪಕ ಹುದ್ದೆ ಖಾಲಿಯಿತ್ತು. ಡಾಕ್ಟರೇಟ್ ಇಲ್ಲದ್ದು ಅಡ್ಡಿ ಎಂದು ಗೆಳೆಯರು ಎಚ್ಚರಿಸಿ, ಐನ್‌ಸ್ಟೈನ್ ಅವರಿಂದ ಶಿಫಾರಸು ಪತ್ರ ತರಿಸಲು ಒತ್ತಾಯಿಸಿದರು. ಬೋಸ್ ಒಲ್ಲದ ಮನಸ್ಸಿನಿಂದ ಕೇಳಿದರು. ಇಂಥ ಕೆಲಸ ಮಾಡಿದವನಿಗೆ ಶಿಫಾರಸು ಬೇಕೇ ಎಂದು ಐನ್‌ಸ್ಟೈನ್‌ಗೆ ಆಶ್ಚರ್ಯವಾಯಿತಂತೆ, ಆದರೂ ಬರೆದುಕೊಟ್ಟರು.

ಇಷ್ಟಾದರೂ ಮೊದಲ ಆಯ್ಕೆ ಬೋಸ್ ಆಗಲಿಲ್ಲ. ಆಯ್ಕೆಯಾದವರು ಕಲ್ಕತ್ತೆಯ ದೇವೇಂದ್ರಮೋಹನ ಬೋಸ್. ಅವರು ಬರಲೊಪ್ಪದ ಕಾರಣ ಹುದ್ದೆ ಸತ್ಯೇಂದ್ರನಾಥರಿಗೆ ಬಂತು. ಐನ್‌ಸ್ಟೈನ್ ಶಿಫಾರಸಿನಿಂದ ಗೆದ್ದರು ಎಂಬ ಜನಪ್ರಿಯ ಕಥೆಯಲ್ಲಿ ಈ ಸಾಲು ಸಾಮಾನ್ಯವಾಗಿ ಮಾಯವಾಗಿರುತ್ತದೆ.

ಸಮಿತಿಯನ್ನು ಮೂರ್ಖರೆಂದು ಜರೆಯಲು ನನಗೆ ಮನಸ್ಸಿಲ್ಲ. ದೇವೇಂದ್ರಮೋಹನರು ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದವರು, ಕಣಗಳ ಜಾಡನ್ನು ಮಂಜಿನ ಗೆರೆಯಾಗಿ ತೋರಿಸುವ ಮೋಡಕೋಶದ ಪ್ರಯೋಗಗಳಲ್ಲಿ ಪಳಗಿದವರು, ಈಗಾಗಲೇ ಪ್ರಾಧ್ಯಾಪಕರಾಗಿದ್ದವರು. ಮುಂದೆ ಬಿಭಾ ಚೌಧುರಿ ಅವರೊಂದಿಗೆ ಛಾಯಾಫಲಕಗಳನ್ನು ಬೆಟ್ಟದ ಮೇಲಿಟ್ಟು ವಿಶ್ವಕಿರಣಗಳಲ್ಲಿ ಮೆಸಾನ್ ಎಂಬ ಕಣಗಳ ಜಾಡು ಹಿಡಿದವರು. ಪ್ರಯೋಗಾಲಯ ಕಟ್ಟಬೇಕಿದ್ದ ವಿಭಾಗಕ್ಕೆ 1926ರಲ್ಲಿ ಅವರೇ ತಕ್ಕವರೆಂದು ಕಂಡಿದ್ದರೆ ಅದರಲ್ಲಿ ಅನ್ಯಾಯವಿಲ್ಲ. ಆ ಮೇಜಿನ ಸುತ್ತ ನಾನಿದ್ದರೂ ಅವರ ಹೆಸರನ್ನೇ ಮೊದಲು ಬರೆಯುತ್ತಿದ್ದೆ. ಬೋಸ್ ಎಣಿಕೆಯ ಆಳ ಯುರೋಪಿಗೂ ಪೂರ್ತಿ ಹೊಳೆಯದಿದ್ದ ವರ್ಷವದು.

ಇಂದಿನ ಕೋಷ್ಟಕದಲ್ಲಿ

ಈ ಅರ್ಜಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಗೆ ಒಡ್ಡಿ ನೋಡುವುದು ಆಟದಂತೆ ಕಂಡರೂ ಪ್ರಯೋಜನವಿಲ್ಲದೆ ಇಲ್ಲ. ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯ, ಕನಿಷ್ಠ 10 ಸಂಶೋಧನಾ ಪ್ರಕಟಣೆಗಳು ಬೇಕು, 10 ವರ್ಷದ ಅನುಭವ ಬೇಕು, ಸಂಶೋಧನಾ ಅಂಕ 120 ಆಗಬೇಕು. ಬೋಸ್ ಮೊದಲ ಸಾಲಿನಲ್ಲೇ ಹೊರಬೀಳುತ್ತಾರೆ. ಅದನ್ನು ಮರೆತು ಮುಂದುವರಿದರೂ ಕಷ್ಟವಿದೆ. ವಿಜ್ಞಾನದಲ್ಲಿ ಪ್ರಬಂಧವೊಂದಕ್ಕೆ ಮೂಲ ಅಂಕ 8. ಇಬ್ಬರು ಸೇರಿ ಬರೆದಿದ್ದರೆ ತಲಾ ಶೇಕಡಾ 70. ಸಾಹಾ ಜೊತೆ ಬರೆದ ಎರಡು, ಒಬ್ಬರೇ ಬರೆದ ಐದು ಎಂದು ಹಿಡಿದರೆ 51 ಚಿಲ್ಲರೆ. ಪತ್ರಿಕೆಯ ಪ್ರಭಾವಾಂಕಕ್ಕೆ (ಅದರ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಳತೆಗೆ) ಹೆಚ್ಚುವರಿ ಅಂಕಗಳುಂಟು, ಆ ಪರಿಕಲ್ಪನೆ ಆಗ ಹುಟ್ಟಿರಲಿಲ್ಲ. ಐನ್‌ಸ್ಟೈನ್ ಪ್ರಬಂಧದ ಅನುವಾದಕ್ಕೆ 3 ಅಂಕ ಸಿಗುತ್ತದೆ. ಆ ಅನುವಾದವಿಲ್ಲದಿದ್ದರೆ ಆ ಪತ್ರವೂ ಇಷ್ಟು ಸಲೀಸಾಗಿ ಹುಟ್ಟುತ್ತಿರಲಿಲ್ಲ ಎಂಬುದಕ್ಕೆ ಕೋಷ್ಟಕದಲ್ಲಿ ಅಂಕಣವಿಲ್ಲ.

ಕೋಷ್ಟಕವನ್ನು ಗೇಲಿ ಮಾಡುವುದು ಸುಲಭ. ಆದರೆ ಅದು ಬಂದದ್ದೂ ಒಂದು ಕಾರಣಕ್ಕೆ. ಶಿಫಾರಸು ಪತ್ರ, ಹಿರಿಯರ ಕೃಪೆ, ಜಾತಿ, ನಂಟು ಇವುಗಳಿಂದ ನೇಮಕಾತಿಯನ್ನು ಬಿಡಿಸಲು ಅಂಕಗಳಷ್ಟು ಸರಳವಾದ ಸಾಧನ ಬೇರೊಂದಿಲ್ಲ. ಐನ್‌ಸ್ಟೈನ್ ಕಾರ್ಡಿಗೆ ಕಡತ ಚಲಿಸಿತೆಂದು ಸಂತೋಷಪಡುವವರು ಮಂತ್ರಿಗಳ ಕಾರ್ಡಿಗೂ ಕಡತ ಚಲಿಸುತ್ತದೆ ಎಂಬುದನ್ನು ಮರೆಯಬಾರದು. ನನ್ನ ತಕರಾರು ಅಂಕಗಳ ಬಗ್ಗೆ ಅಲ್ಲ. ನಮ್ಮ ವಿಶ್ವವಿದ್ಯಾಲಯಗಳು ತಮ್ಮ ಬುದ್ಧಿಯನ್ನೆಲ್ಲ ನೇಮಕಾತಿಯ ಒಂದು ದಿನಕ್ಕೆ ಸುರಿಯುತ್ತವೆ. ನೇಮಕವಾದವನು ಓದಲು, ಹೋಗಿ ಕಲಿತು ಬರಲು ಏನು ಬೇಕು ಎಂಬ ವಿಷಯ ಬಂದಾಗ ಕೈ ಚೆಲ್ಲುತ್ತವೆ.

ಹದಿನೆಂಟು ವರ್ಷ

1927ರಿಂದ 1945ರವರೆಗೆ ಬೋಸ್ ಢಾಕಾದಲ್ಲಿ ಪ್ರಾಧ್ಯಾಪಕರು. ಪ್ರಬಂಧಗಳ ಪಟ್ಟಿ ನೋಡಿದರೆ ಮೊದಲ ಹತ್ತು ವರ್ಷ ಹೆಚ್ಚುಕಡಿಮೆ ಬರಿದು. ಆಮೇಲೆ ಒಂದೊಂದಾಗಿ ಬಂದವು ಪರಸ್ಪರ ಸಂಬಂಧವೇ ಇಲ್ಲದವು: ಮಹಾಲನೋಬಿಸ್ ಅವರ ಸಂಖ್ಯಾಶಾಸ್ತ್ರದ ಒಂದು ಸಮಸ್ಯೆ, ಅಯಾನುಗೋಳದಲ್ಲಿ ರೇಡಿಯೊ ಅಲೆಗಳ ಪ್ರತಿಫಲನ, ಸಾಪೇಕ್ಷತೆಯ ಗಣಿತದಲ್ಲಿ ಬರುವ ಲೊರೆಂಟ್ಸ್ ಗಣ. ಇಡೀ ಜೀವಮಾನದ ಲೆಕ್ಕ ಎರಡು ಡಜನ್ ಆಸುಪಾಸು.

ಹಾಗಾದರೆ ಸಮಯ ಎಲ್ಲಿ ಹೋಯಿತು? ಎಕ್ಸ್-ಕಿರಣ ಪ್ರಯೋಗಾಲಯಕ್ಕೆ ಹೋಯಿತು. ಪ್ಯಾರಿಸ್‌ನಲ್ಲಿ ಕಲಿತದ್ದನ್ನು ನೆಚ್ಚಿ ಉಪಕರಣಗಳನ್ನು ವಿಭಾಗದ ಕಾರ್ಯಾಗಾರದಲ್ಲೇ ಮಾಡಿಸಿದರು. ಪಾಠಕ್ಕೆ ಹೋಯಿತು. ವಿಜ್ಞಾನ ನಿಕಾಯದ ಡೀನ್ ಕೆಲಸಕ್ಕೆ, ವಿದ್ಯಾರ್ಥಿನಿಲಯದ ಉಸ್ತುವಾರಿಗೆ ಹೋಯಿತು. ರಾಮನ್ ಪರಿಣಾಮದ ಪ್ರಯೋಗಗಳಲ್ಲಿ ಜೊತೆಗಿದ್ದ ಕೆ.ಎಸ್. ಕೃಷ್ಣನ್ 1928ರಲ್ಲಿ ರೀಡರ್ ಆಗಿ ಢಾಕಾಕ್ಕೆ ಬಂದು ಹರಳುಗಳ ಕಾಂತಗುಣದ ಮೇಲೆ ಕೆಲವು ವರ್ಷ ಕೆಲಸ ಮಾಡಿದರು. ಅಂಥವರು ಬಂದು ಕೆಲಸ ಮಾಡಬಲ್ಲ ಜಾಗವನ್ನು ಉಳಿಸಿಕೊಂಡದ್ದೂ ಮುಖ್ಯಸ್ಥನ ಕೆಲಸವೇ. ಉಳಿದ ಸಮಯ ಕೇಳಿದವರ ಲೆಕ್ಕ ಬಿಡಿಸುವುದಕ್ಕೆ, ಎಸ್ರಾಜ್ ಎಂಬ ತಂತಿವಾದ್ಯ ನುಡಿಸುವುದಕ್ಕೆ, ಹರಟೆಗೆ.

ಇಲ್ಲಿ ಬೋಸ್ ಭಕ್ತರ ಜೊತೆ ನನಗೆ ಜಗಳವಿದೆ. ಅವರ ಮೌನವನ್ನೆಲ್ಲ ಋಷಿಸಹಜ ನಿರ್ಲಿಪ್ತತೆ ಎಂದು ಪೂಜಿಸುವುದು ಸರಿಯಲ್ಲ. ಕ್ವಾಂಟಂ ಯಂತ್ರಶಾಸ್ತ್ರ ರೂಪುಗೊಂಡ 1926ರಿಂದ 1935ರ ಅವಧಿಯಲ್ಲಿ, ಅದರ ಒಂದು ಮೂಲೆಗಲ್ಲನ್ನು ಇಟ್ಟ ವ್ಯಕ್ತಿ ಹೊರಗೆ ನಿಂತದ್ದು ನಷ್ಟವೇ, ಅವರಿಗೂ ಅವರ ವಿದ್ಯಾರ್ಥಿಗಳಿಗೂ. ಬರೆಯದ ಅಧ್ಯಾಪಕನ ವಿದ್ಯಾರ್ಥಿಗೆ ಬರೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ಏನನ್ನೂ ಪ್ರಕಟಿಸದೆ ಬೋಸ್ ಹೆಸರು ಹೇಳಿ ಸಮಾಧಾನ ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರೂ ಪ್ಲಾಂಕ್ ನಿಯಮದ ಜೊತೆ ಜಗಳವಾಡಿದವರಲ್ಲ.

ಗೌರವಗಳು ತಡವಾಗಿ ಬಂದವು. ಗೆಳೆಯ ಸಾಹಾ 1927ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೊ ಆಗಿದ್ದರು. ಬೋಸ್ ಆದದ್ದು 1958ರಲ್ಲಿ, ಪ್ರಬಂಧ ಬರೆದ 34 ವರ್ಷಗಳ ಮೇಲೆ. ಅಷ್ಟರಲ್ಲಿ ಡಿರಾಕ್ ಅವರು ಒಂದು ಇಡೀ ವರ್ಗದ ಕಣಗಳಿಗೆ ಬೋಸಾನ್ ಎಂದು ಹೆಸರಿಟ್ಟಾಗಿತ್ತು. ನೊಬೆಲ್‌ಗೆ ನಾಮನಿರ್ದೇಶನವಾಗಿತ್ತು, ಬಹುಮಾನ ಬರಲಿಲ್ಲ.

1945ರಲ್ಲಿ ಬೋಸ್ ಢಾಕಾ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಖೈರಾ ಹೆಸರಿನ ಪೀಠದ ಪ್ರಾಧ್ಯಾಪಕರಾದರು. ಎರಡು ವರ್ಷಗಳಲ್ಲಿ ದೇಶ ವಿಭಜನೆಯಾಗಿ, ಅವರು ಕಟ್ಟಿದ ಪ್ರಯೋಗಾಲಯ ಗಡಿಯಾಚೆ ಉಳಿಯಿತು. 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ ಬಂಗಾಳಿಯಲ್ಲಿ ವಿಜ್ಞಾನ ಮಾಸಿಕ ಹೊರಡಿಸಿದರು, ಮೇಲಿನ ತರಗತಿಗಳಲ್ಲೂ ಬಂಗಾಳಿಯಲ್ಲೇ ಪಾಠ ಮಾಡಿದರು. ಕನ್ನಡದಲ್ಲಿ ಭೌತಶಾಸ್ತ್ರ ಕಲಿಸಲಾದೀತೇ ಎಂದು ಇವತ್ತಿಗೂ ಹುಬ್ಬೇರಿಸುವವರು ಆ ಮಾಸಿಕದ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿ ಹಾಕಬೇಕು. 1950ರ ದಶಕದ ಮೊದಲ ವರ್ಷಗಳಲ್ಲಿ ಐನ್‌ಸ್ಟೈನ್ ಅವರ ಏಕೀಕೃತ ಕ್ಷೇತ್ರ ಸಿದ್ಧಾಂತದ ಮೇಲೆ ಒಂದರ ಹಿಂದೆ ಒಂದು ಪ್ರಬಂಧ ಬರೆದರು, ಅರವತ್ತರ ಹೊಸ್ತಿಲಲ್ಲಿ.

ಇದೇ ಕಾಲದಲ್ಲಿ ಅವರ ಬಳಿ ಸಂಶೋಧನೆಗೆ ಬಂದವರಲ್ಲಿ ಪೂರ್ಣಿಮಾ ಸಿನ್ಹಾ ಒಬ್ಬರು. ವಿಷಯ ಜೇಡಿಮಣ್ಣುಗಳ ಎಕ್ಸ್-ಕಿರಣ ವಿಶ್ಲೇಷಣೆ. ಉಪಕರಣ ಕೊಳ್ಳಲು ಹಣವಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಸಾಮಾನು ಕಲ್ಕತ್ತೆಯ ಪಾದಚಾರಿ ದಾರಿಗಳಲ್ಲಿ ಮಾರಾಟಕ್ಕಿತ್ತು. ಅದರಲ್ಲಿ ಬೇಕಾದ ಬಿಡಿಭಾಗಗಳನ್ನು ಹೆಕ್ಕಿ ತಂದು ಯಂತ್ರ ಜೋಡಿಸಿಕೊಂಡರು. 1950ರ ದಶಕದ ನಡುವೆ ಅವರಿಗೆ ಕಲ್ಕತ್ತ ವಿಶ್ವವಿದ್ಯಾಲಯದ ಡಾಕ್ಟರೇಟ್ ಬಂತು. ಅಲ್ಲಿ ಭೌತಶಾಸ್ತ್ರದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರೇ. ಇಂದಿನ ಕೋಷ್ಟಕದ ಪ್ರಕಾರ ಪಿಎಚ್‌ಡಿ ಮಾರ್ಗದರ್ಶನಕ್ಕೆ 10 ಅಂಕ. ಬೋಸ್ 1956ರಲ್ಲಿ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು.